ಚಪ್ಪಲಿ ಬಿಡುವ ಜಾಗ

ಭಾನುವಾರ ಬೆಳಿಗ್ಗೆ ಎಂಟು ಗಂಟೆಯೊಳಗೆ ಕರಿಯಕ್ಕ ತನ್ನದಲ್ಲದ ಮನೆಯೊಂದರ ಅಂಗಳ ಗುಡಿಸಿ, ಸಗಣಿ ಸಾರಿಸಿ, ರಂಗೋಲಿ ಎಳೆದು ಮುಗಿಸಿದ್ದಳು. ಮೆಣಸೆಯ ಉಮಾಮಹೇಶ್ವರನ ತೋಟದ ಅಂಚಿನಲ್ಲಿ ಆಳುಗಳಿಗೆಂದು ಕಟ್ಟಿಸಿದ್ದ ಬಿಡಾರ ಅದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಎರಡು ವರ್ಷದಿಂದ ಅಲ್ಲಿ ಯಾರೂ ಇರಲಿಲ್ಲ. ಜೇಡರ ಬಲೆ ಹೊಡೆದು, ಇಲಿ ಹಿಕ್ಕೆ ಬಳಿದು ಹಾಕಿ, ಬಾಗಿಲಿಗೆ ಮಾವಿನೆಲೆ ಕಟ್ಟುವ ಹೊತ್ತಿಗೆ ಅವಳ ಬಲ ಮಂಡಿ ಊದಿಕೊಂಡಿತ್ತು. ಆದರೂ ಕೂರಲಿಲ್ಲ. ಗೋಡೆಗೆ ಮೊಳೆ ಹೊಡೆದು ತೀರಿಹೋದ ಗಂಡನ ಫೋಟೊ ತೂಗುಹಾಕಿದಳು. ಸೊಟ್ಟಗಿದೆ ಅನ್ನಿಸಿ ಇನ್ನೊಮ್ಮೆ ಸರಿಮಾಡಿದಳು.

ಬಾಗಿಲಲ್ಲಿ ನಿಂತಿದ್ದ ಮಗ ನವೀನ ಅದನ್ನು ನೋಡಿ, "ಅಪ್ಪನ್ನೂ ಈ ನಾಟಕಕ್ಕೆ ಕರ್ಕೊಂಡ್ ಬಂದ್ಯಾ?" ಎಂದ.

"ಇವತ್ತೊಂದಿನ ಬಾಯಿ ಮುಚ್ಕೊಂಡಿರು. ಅಷ್ಟು ಮಾಡಿದ್ರೆ ಸಾಕು ನೀನು" ಎಂದಳು ಕರಿಯಕ್ಕ.

ಮಧ್ಯಾಹ್ನ ಸಿರಿಮನೆ ಎಂಬ ಊರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಅವರ ಜನರಲ್ಲಿ ಇದು ನಡೆದುಕೊಂಡು ಬಂದದ್ದು. ಹುಡುಗ ಹೋಗಿ ಹುಡುಗಿಯನ್ನು ನೋಡಿ ಬಂದ ಮೇಲೆ ಹುಡುಗಿಯ ಅಪ್ಪ ಅಮ್ಮ ಬಂದು ಹುಡುಗನ ಮನೆ ನೋಡಬೇಕು. ಬಾವಿ ಎಷ್ಟು ದೂರ, ಬಚ್ಚಲಿಗೆ ಬಾಗಿಲಿದೆಯೇ, ಅತ್ತೆಯ ಅಡುಗೆಮನೆಯಲ್ಲಿ ಸೊಸೆ ನಿಲ್ಲುವಷ್ಟು ಜಾಗ ಇದೆಯೇ, ಎಲ್ಲವನ್ನೂ ಮಾತಿನ ನಡುವೆಯೇ ಕಣ್ಣಲ್ಲಿ ಅಳೆದುಕೊಳ್ಳುತ್ತಾರೆ. ಒಪ್ಪಿಗೆಯಾದರೆ ಕೂತು ಊಟ ಮಾಡುತ್ತಾರೆ. ಆಗದಿದ್ದರೆ ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಡುತ್ತಾರೆ. ಬಸ್ಸಿಗೆ ಇನ್ನೂ ಎರಡು ಗಂಟೆ ಇದ್ದರೂ ಅಷ್ಟೇ.

ಕರಿಯಕ್ಕನಿಗೂ ನವೀನನಿಗೂ ತೋರಿಸಲು ಮನೆ ಇರಲಿಲ್ಲ. ಆರು ವರ್ಷದಿಂದ ಇರಲಿಲ್ಲ. ಮೂರು ತಾಲ್ಲೂಕು ಸುತ್ತುವ ಇವರಿಗೆ ಮನೆ ಇಲ್ಲವೆಂಬುದು ಆ ಮೂರು ತಾಲ್ಲೂಕಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದೇ ಸೋಜಿಗ. ಅಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳುತ್ತಿದ್ದಳು ಕರಿಯಕ್ಕ. ನಾರ್ವೆಯಲ್ಲಿ ಯಾರಾದರೂ ಕೇಳಿದರೆ ಮನೆ ನರಸಿಂಹರಾಜಪುರದ ಕಡೆ ಎನ್ನುವಳು. ನರಸಿಂಹರಾಜಪುರದಲ್ಲಿ ಕೇಳಿದರೆ ಶೃಂಗೇರಿ ಹತ್ತಿರ. ಶೃಂಗೇರಿಯಲ್ಲಿ ಕೇಳಿದರೆ ನಾರ್ವೆ. ಕೇಳಿದವರು ಹೌದಾ ಎಂದು ಸುಮ್ಮನಾಗುತ್ತಿದ್ದರು. ದೂರದೂರಿನ ಮನೆಯನ್ನು ಹೋಗಿ ನೋಡಿ ಬರುವವರು ಯಾರು?

ಒಂದು ಕಾಲದಲ್ಲಿ ಅವಳಿಗೂ ವಿಳಾಸವಿತ್ತು. ಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿ, ಇಪ್ಪತ್ತೇಳು ವರ್ಷ ಇದ್ದಳು. ನವೀನ ಹುಟ್ಟಿದ್ದು ಅಲ್ಲೇ, ಗಂಡ ಸತ್ತದ್ದೂ ಅಲ್ಲೇ. ಗಂಡ ಹೋದ ಮೂರನೇ ವರ್ಷ ಅವಳ ಮಂಡಿ ಕೆಟ್ಟಿತು, ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ಯಲು ಆಗಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಒಳ್ಳೆಯ ಮಾತಿನಲ್ಲೇ ಹೇಳಿದ. ಕೆಲಸ ಮಾಡುವವರಿಗೆ ಮಾತ್ರ ಲೈನು, ಹೊಸ ಆಳುಗಳು ಬರುತ್ತಿದ್ದಾರೆ, ಸಂಕ್ರಾಂತಿಯೊಳಗೆ ಬಿಟ್ಟುಕೊಡಿ ಅಂದ. ಬಿಟ್ಟುಕೊಟ್ಟಳು. ಆಮೇಲೆ ನಾರ್ವೆಯ ತಮ್ಮನ ಮನೆಯ ಜಗಲಿಯಲ್ಲಿ ಎಂಟು ತಿಂಗಳು, ಯಾರದೋ ಗೊಬ್ಬರದ ಕೊಟ್ಟಿಗೆಯಲ್ಲಿ ಒಂದು ಮಳೆಗಾಲ, ಇನ್ನಾರದೋ ಪಂಪ್‌ಸೆಟ್ ಮನೆಯಲ್ಲಿ ಒಂದು ಚಳಿಗಾಲ. ಎಲ್ಲೂ ಮನೆ ಇಲ್ಲ ಎಂದು ಹೇಳಿಕೊಳ್ಳಲಿಲ್ಲ. ತಮ್ಮನ ಹೆಂಡತಿಗೂ, "ನಮ್ಮನೆ ಹೆಂಚು ಬದಲಾಯಿಸ್ತಿದಾರೆ, ಮುಗಿದ ಕೂಡಲೇ ಹೋಗ್ತೀನಿ" ಎಂದೇ ಹೇಳಿದ್ದಳು. ನವೀನ ಆಗ ಕೊಪ್ಪದ ಗ್ಯಾರೇಜೊಂದರಲ್ಲಿ ಕೆಲಸ ಮಾಡಿ, ರಿಪೇರಿಗೆ ಬಂದ ಜೀಪುಗಳ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದ.

ಆ ಗ್ಯಾರೇಜಿಗೆ ಒಂದು ದಿನ ಗುಜರಿಗೆ ಹೋಗಲಿದ್ದ ಶಾಲಾ ವ್ಯಾನು ಬಂತು. ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಮಾಲೀಕನಿಗೆ ಹೇಳಿ ನವೀನ ಅದನ್ನು ಇಟ್ಟುಕೊಂಡ. ಎರಡು ವರ್ಷ ಕೆಲಸ ಮುಗಿದ ಮೇಲೆ ಅದರ ಕೆಳಗೆ ಮಲಗಿ ಎಂಜಿನ್ ಬಿಚ್ಚಿದ, ಕಟ್ಟಿದ. ತಳದ ತಗಡು ಬದಲಾಯಿಸಿದ. ಕಾಗದ ಪತ್ರ ಸರಿಮಾಡಿಸಿ, ನೀಲಿ ಬಣ್ಣ ಹೊಡೆದು, ಕರಿಯಕ್ಕನನ್ನು ಪಂಪ್‌ಸೆಟ್ ಮನೆಯಿಂದ ಕರೆದುಕೊಂಡು ಬಂದ. ಅಂದಿನಿಂದ ಆ ಗಾಡಿಯೇ ಅವರ ದುಡಿಮೆ, ಅದೇ ಅವರ ಮನೆ. ಊರೂರಿಗೆ ಹೋಗಿ ಕಳೆ ಹೊಡೆಯುವ ಮೆಷಿನು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವುದು ಅವನ ಕೆಲಸ. ಮೆಷಿನು ಹೊತ್ತುಕೊಂಡು ಪೇಟೆಗೆ ಹೋಗಿ, ಅಂಗಡಿಯಲ್ಲಿ ನಾಲ್ಕು ದಿನ ಕಾಯುವುದು ತಪ್ಪಿತೆಂದು ಜನಕ್ಕೆ ಖುಷಿಯೋ ಖುಷಿ. "ರಿಪೇರಿ ಗಾಡಿ ಬಂತು" ಎಂದರೆ ಸಾಕು, ಮೂಲೆ ಸೇರಿದ್ದ ಮೆಷಿನುಗಳೆಲ್ಲ ಹೊರಗೆ ಬರುತ್ತಿದ್ದವು.

ಆ ಗಾಡಿಯನ್ನು ನಿಂತು ನೋಡಬೇಕು. ಒಳಗೆ ಬಲಗಡೆ ಪೂರ್ತಿ ಕೆಲಸದ ಗೋಡೆ. ಎಣ್ಣೆ ಡಬ್ಬಗಳನ್ನು ಕತ್ತರಿಸಿ ಮಾಡಿದ ನಲವತ್ತು ಸಣ್ಣ ಖಾನೆಗಳು. ಕರಿಯಕ್ಕನಿಗೆ ಓದು ಬರುವುದಿಲ್ಲವೆಂದು ಪ್ರತಿ ಖಾನೆಯ ಮುಂದೆ ಅದರೊಳಗಿನ ಸಾಮಾನಿನ ಒಂದೊಂದು ತುಂಡನ್ನು ತಂತಿಯಲ್ಲಿ ಕಟ್ಟಿದ್ದ. ಅವನು ಕೆಳಗೆ ಕೂತು ಕೈ ಚಾಚಿದರೆ ಅವಳು ಮೇಲಿನಿಂದ ಸರಿಯಾದ ಪ್ಲಗ್ಗನ್ನೇ ಕೊಡುತ್ತಿದ್ದಳು. ಎಡಗಡೆ ಗೋಡೆಗೆ ಮಡಚುವ ಎರಡು ಹಲಗೆ. ಹಗಲು ಅದರ ಮೇಲೆ ಕೂತು ಉಣ್ಣುವುದು, ರಾತ್ರಿ ಬಿಡಿಸಿ ಮಲಗುವುದು. ಹಲಗೆಯ ಕೆಳಗೆ ಅಕ್ಕಿ ಡಬ್ಬ, ಪಾತ್ರೆ, ಬಟ್ಟೆ. ಮಾಡಿನ ಮೇಲೆ ಸೋಲಾರ್ ಹಲಗೆ, ಅದರ ಪಕ್ಕ ಕಪ್ಪು ಬಣ್ಣದ ಡ್ರಮ್ಮು. ಬಿಸಿಲಿಗೆ ಕಾದ ಡ್ರಮ್ಮಿನ ನೀರು ಹಿಂಬಾಗಿಲ ನಲ್ಲಿಗೆ ಬರುತ್ತಿತ್ತು. ಆ ಬಾಗಿಲು ತೆರೆದು ಟಾರ್ಪಾಲು ಇಳಿಬಿಟ್ಟರೆ ಬಚ್ಚಲು. ಮುಚ್ಚಳದ ಬಕೆಟ್ಟು, ಮಿಲ್ಲಿನಿಂದ ತಂದ ಮರದ ಹೊಟ್ಟು ಸೇರಿದರೆ ಕಕ್ಕಸು. ಮಾಡಿಗೆ ಹತ್ತುವ ಏಣಿಗೆ ಕಟ್ಟಿದ ಡಬ್ಬಗಳಲ್ಲಿ ಕೊತ್ತಂಬರಿ, ಸೂಜಿಮೆಣಸು, ಒಂದು ತುಳಸಿ. ಮಳೆ ಜೋರಿರುವ ದಿನಗಳಿಗೆಂದು ನರಸಿಂಹರಾಜಪುರದ ಮುಚ್ಚಿದ ಅಕ್ಕಿ ಗಿರಣಿಯೊಂದರ ಮಾಡಿನಡಿ ಬಾಡಿಗೆಗೆ ಜಾಗ ಹಿಡಿದಿದ್ದ. ಹೀಗೆ ಒಂದೊಂದನ್ನೂ ಯೋಚಿಸಿ, ಯಾರ ಮುಂದೆಯೂ ಕೈಯೊಡ್ಡದೆ ಕಟ್ಟಿಕೊಂಡ ಹುಡುಗನನ್ನು ಮೆಚ್ಚದೆ ಇರುವುದು ಹೇಗೆ?

ಬಾಗಿಲ ಹತ್ತಿರ, ಮೆಟ್ಟಿಲ ಪಕ್ಕದಲ್ಲಿ ಚಪ್ಪಲಿ ಬಿಡಲೆಂದು ಒಂದು ತುಂಡು ಹಲಗೆಯನ್ನೂ ಜೋಡಿಸಿದ್ದ. ಅದರ ಮೇಲೆ ಇರುತ್ತಿದ್ದದ್ದು ತಾಯಿ ಮಗನ ಎರಡು ಜೊತೆ ಮಾತ್ರ. ಗಿರಾಕಿಗಳು ಮೆಷಿನು ಕೊಡಲು, ನಟ್ಟು ಬೋಲ್ಟು ಕೇಳಲು ಕೆಸರುಗಾಲಿನಲ್ಲೇ ಒಳಗೆ ಹತ್ತುತ್ತಿದ್ದರು. ಇದು ಮನೆ, ಚಪ್ಪಲಿ ಬಿಟ್ಟು ಬನ್ನಿ ಎನ್ನಲು ಕರಿಯಕ್ಕನಿಗೆ ಬಾಯಿ ಬರುತ್ತಿರಲಿಲ್ಲ. ಹಾಗೆಂದರೆ ಆರು ವರ್ಷದ ಗುಟ್ಟು ಅಲ್ಲಿಗೇ ಮುಗಿಯಿತಲ್ಲ. ಅವರು ಇಳಿದು ಹೋದ ಮೇಲೆ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದಳು. ದಿನಕ್ಕೆ ಹತ್ತು ಸಲವಾದರೂ ಒರೆಸುತ್ತಿದ್ದಳು.

ಉಮಾಮಹೇಶ್ವರನೂ ಹಾಗೆಯೇ ಗಮ್‌ಬೂಟಿನಲ್ಲಿ ಒಳಗೆ ಹತ್ತಿದವನು. ಕೆಟ್ಟ ಮನುಷ್ಯನಲ್ಲ. ಮೂರು ವಾರದ ಹಿಂದೆ ಅವನ ಪಂಪು ರಿಪೇರಿ ಮಾಡುವಾಗ, ಹುಡುಗಿ ಒಪ್ಪಿದ್ದಾಳೆ, ಇನ್ನು ಮನೆ ನೋಡಲು ಬರುತ್ತಾರೆ ಎಂದು ಕರಿಯಕ್ಕ ಬಾಯಿ ತಪ್ಪಿ ಅಂದಳು. ಅಂದವಳ ಕಣ್ಣಲ್ಲಿ ನೀರು ಬಂತು. ಅವನು ಕೆದಕಿ ಕೆದಕಿ ಕೇಳಿದ. ಯಾರಿಗೂ ಹೇಳದ್ದನ್ನು ಅವತ್ತು ಅವನಿಗೆ ಹೇಳಿಬಿಟ್ಟಳು.

"ಅಷ್ಟೇ ತಾನೆ? ನಮ್ಮ ಬಿಡಾರ ಖಾಲಿ ಬಿದ್ದಿದೆ. ಒಂದಿನ ಅಲ್ಲಿ ಕೂತು ಕಾಫಿ ಕೊಟ್ಟು ಕಳ್ಸು ಮಾರಾಯ್ತಿ" ಎಂದ ಉಮಾಮಹೇಶ್ವರ. ಆಮೇಲೆ ನವೀನನ ಕಡೆ ತಿರುಗಿದ. "ಒಂದಿನ ಯಾಕೆ, ಅಲ್ಲೇ ಇದ್ಬಿಡಿ. ಬಾಡಿಗೆ ಬೇಡ. ನೀನು ನಮ್ಮ ತೋಟ ನೋಡ್ಕೊಂಡ್ರೆ ಆಯ್ತು. ವ್ಯಾನಿಗೆ ಯಾರು ಹೆಣ್ಣು ಕೊಡ್ತಾರೆ ಮಾರಾಯ?"

ನವೀನ ಪಂಪಿನ ವಾಷರ್ ಕೂರಿಸುತ್ತಲೇ ಉತ್ತರ ಕೊಟ್ಟ. "ನೀವು ಒಳ್ಳೆ ಮನಸ್ಸಲ್ಲೇ ಹೇಳ್ತಿದೀರಿ ಅಯ್ಯ. ಆದ್ರೆ ಕೆಲಸಕ್ಕೆ ಕಟ್ಟಿದ ಮನೇಲಿ ನಾನು ಇರಲ್ಲ. ಕೈಕಾಲು ಬಿದ್ದ ದಿನ ಮನೇನೂ ಹೋಗುತ್ತೆ. ನಮ್ಮಮ್ಮನಿಗೆ ಒಂದ್ಸಲ ಹಾಗಾಗಿದೆ."

"ನಾನು ಹಾಗೆ ಮಾಡ್ತೀನಾ?"

"ನೀವು ಮಾಡಲ್ಲ ಅಂತಾನೇ ಇಟ್ಕೊಳ್ಳಿ. ಮುಂದೆ ಬರೋರು?"

ಉಮಾಮಹೇಶ್ವರ ಬಿಡಾರದ ಕೀಲಿಕೈಯನ್ನು ಕರಿಯಕ್ಕನ ಕೈಗೆ ಹಾಕಿ ಹೋದ. ಆ ರಾತ್ರಿಯಿಂದ ತಾಯಿ ಮಗನಿಗೆ ಮಾತಿನ ಜಟಾಪಟಿ. ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಎಂದು ಅವನು. ಹೇಳಿದರೆ ಸಂಬಂಧ ಮುರಿಯುತ್ತದೆ, ಈ ವಯಸ್ಸಿಗೆ ಮತ್ತೆಲ್ಲಿ ಹುಡುಕಲಿ ಎಂದು ಅವಳು. ಅವನಿಗೆ ಮೂವತ್ತೊಂದು ಆಗಿತ್ತು. ಹುಡುಗಿ ಅನಿತಾಳ ಮೇಲೆ ಅವನಿಗೆ ಜೀವವೇ ಇತ್ತು, ಅದು ಕರಿಯಕ್ಕನಿಗೂ ಗೊತ್ತು. ಅನಿತಾ ಶೃಂಗೇರಿಯ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಅವಳ ಅಪ್ಪನ ಕಳೆ ಮೆಷಿನು ರಿಪೇರಿಗೆಂದು ಗಾಡಿ ಸಿರಿಮನೆಗೆ ಹೋದಾಗ ಆದ ಪರಿಚಯ. ಕೊನೆಗೆ ನವೀನ ಒಂದು ಷರತ್ತಿನ ಮೇಲೆ ಸೋತ. ಅವರು ಕೇಳದಿದ್ದರೆ ತಾನು ಬಾಯಿ ಬಿಡುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ. ಕೇಳುವ ಸಂದರ್ಭವೇ ಬಾರದ ಹಾಗೆ ನೋಡಿಕೊಂಡರಾಯಿತು ಎಂದು ಕರಿಯಕ್ಕ ಲೆಕ್ಕ ಹಾಕಿದಳು.

ಹೀಗೆ ಈ ಭಾನುವಾರ ಬಂದದ್ದು. ಊಟಕ್ಕೆ ಕಡುಬು, ಕೋಳಿ ಸಾರು. ಬಿಡಾರದ ಒಲೆಯಲ್ಲೇ ಬೇಯಿಸಬೇಕೆಂದು ಬೆಳಿಗ್ಗೆ ಬೆಂಕಿ ಹಾಕಿದಳು. ಎರಡು ವರ್ಷ ಹೊಗೆ ಕಾಣದ ಒಲೆ, ತಂಡಿ ಹಿಡಿದ ಸೌದೆ, ಊದಿ ಊದಿ ಕಣ್ಣು ಕೆಂಪಾದವೇ ಹೊರತು ಉರಿ ಏಳಲಿಲ್ಲ. ಮನೆ ತುಂಬ ಹೊಗೆ. ಬರುವವರು ಕೆಮ್ಮುತ್ತ ಕೂರಬೇಕಾದೀತು ಎಂದು ಅದನ್ನು ಬಿಟ್ಟು, ಬಿಡಾರದ ಹಿಂದೆ ಹಲಸಿನ ಮರದಡಿ ನಿಲ್ಲಿಸಿದ್ದ ಗಾಡಿಗೇ ಹೋಗಿ ತನ್ನ ಗ್ಯಾಸಿನ ಒಲೆಯ ಮೇಲೆ ಎಲ್ಲ ಬೇಯಿಸಿದಳು. ಪಾತ್ರೆ ಹೊತ್ತು ಆರು ಸಲ ಅಲ್ಲಿಂದಿಲ್ಲಿಗೆ ಓಡಾಡಿದಳು.

ಹನ್ನೊಂದೂವರೆಯ ಹೊತ್ತಿಗೆ ಮಂಜಯ್ಯ, ವಸಂತಮ್ಮ ಗಂಡ ಹೆಂಡತಿ ಬಸ್ಸಿಳಿದು ಬಂದರು. ಹುಡುಗಿ ಬರುವ ಪದ್ಧತಿ ಇಲ್ಲವಾದ್ದರಿಂದ ಅನಿತಾ ಮನೆಯಲ್ಲೇ ಉಳಿದಿದ್ದಳು. ಮಂಜಯ್ಯ ಮರ ಹತ್ತಿ ಅಡಿಕೆ ಕೊನೆ ಇಳಿಸುವುದರಲ್ಲಿ ಹೆಸರು ಮಾಡಿದವನು. ಈಗ ಬಲ ಭುಜ ಸರಿಯಿಲ್ಲ, ಕೈ ಕಿವಿಯಿಂದ ಮೇಲೇರುವುದಿಲ್ಲ. ಮಾತಿಗೇನೂ ಕಡಿಮೆ ಇರಲಿಲ್ಲ. ಹೆಣ್ಣು ನೋಡಲು ಹೋದ ದಿನವೂ ಅಷ್ಟೇ, ತಮ್ಮದು ಮೂವತ್ತು ವರ್ಷ ಬಾಳಿದ ಮನೆ ಎಂದು ನಾಲ್ಕು ಸಲ ಹೇಳಿದ್ದ. ವಸಂತಮ್ಮ ಕಡಿಮೆ ಮಾತಿನವಳು. ಅವಳ ಕಣ್ಣು ಮಾತ್ರ ಎಲ್ಲ ಕಡೆ ಓಡಾಡುತ್ತಿತ್ತು.

ಕಾಫಿ ಕುಡಿದರು. ಮಂಜಯ್ಯ ಗೋಡೆಗೆ ಗುದ್ದಿ ನೋಡಿ ಗಟ್ಟಿ ಇದೆ ಅಂದ. ಬಾವಿಗೆ ಬಗ್ಗಿ ಬೇಸಿಗೆಗೂ ನೀರಿರುತ್ತದಾ ಎಂದು ಕೇಳಿದ. ಇರುತ್ತೆ ಎಂದಳು ಕರಿಯಕ್ಕ, ಆ ಬಾವಿಯ ಬೇಸಿಗೆಯನ್ನು ಅವಳು ಕಂಡವಳೇ ಅಲ್ಲ. ನವೀನ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದ. ಹುಡುಗ ನಾಚಿಕೆಯವನು ಎಂದುಕೊಂಡ ಮಂಜಯ್ಯನಿಗೆ ಇನ್ನೂ ಇಷ್ಟವಾಯಿತು. ಕಡೆಗೆ ಹೆಂಡತಿಯ ಮುಖ ನೋಡಿ, "ಊಟಕ್ಕೆ ಕೂರೋದಾ ಹಾಗಾದ್ರೆ?" ಎಂದ. ಕರಿಯಕ್ಕ ಮನಸ್ಸಿನಲ್ಲೇ ಕಿಗ್ಗದ ದೇವರಿಗೆ ಕೈಮುಗಿದಳು.

"ನಾನೂ ಬಡಿಸ್ತೀನಿ" ಎಂದು ವಸಂತಮ್ಮ ಅವಳ ಹಿಂದೆಯೇ ಅಡುಗೆಮನೆಗೆ ಬಂದಳು. ಮುಚ್ಚಳ ತೆಗೆದರೆ ಕಡುಬಿನಿಂದ ಹಬೆ ಏಳುತ್ತಿತ್ತು. ಸಾರು ಮಾತ್ರ ಸ್ವಲ್ಪ ಆರಿತ್ತು. ಬಿಸಿ ಮಾಡೋಣವೆಂದು ವಸಂತಮ್ಮ ಸಾರಿನ ಪಾತ್ರೆ ಎತ್ತಿ ಒಲೆಯ ಮೇಲಿಟ್ಟಳು. ಕೆಂಡ ಕೆದಕಲು ಬಗ್ಗಿದಳು. ಅರ್ಧ ಸುಟ್ಟ ಕಪ್ಪು ಸೌದೆ ಎರಡು. ಬೂದಿಯ ಮೇಲೆ ಅಂಗೈ ಇಟ್ಟಳು. ಬೂದಿ ತಣ್ಣಗಿತ್ತು, ಕೈ ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು.

"ಕರಿಯಕ್ಕ, ಈ ಕಡುಬು ಎಲ್ಲಿ ಬೇಯ್ಸಿದ್ದು?"

ಆರು ವರ್ಷ ಮೂರು ತಾಲ್ಲೂಕಿಗೆ ತಡವರಿಸದೆ ಸುಳ್ಳು ಹೇಳಿಕೊಂಡು ಬಂದ ಕರಿಯಕ್ಕನಿಗೆ ಆ ಕ್ಷಣಕ್ಕೆ ಒಂದೂ ಸುಳ್ಳು ಸಿಗಲಿಲ್ಲ. ಗೋಡೆ ಹಿಡಿದು ನಿಂತಳು. ಬಾಗಿಲಲ್ಲಿ ನವೀನ ನಿಂತಿದ್ದ. ಅವನಿಗೆ ಪ್ರಶ್ನೆ ಕೇಳಿಸಿತ್ತು, ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂಬ ಮಾತೂ ನೆನಪಿತ್ತು.

"ನಮ್ಮನೇಲಿ ಬೇಯ್ಸಿದ್ದು ವಸಂತಕ್ಕ" ಎಂದ. "ಇದು ನಮ್ಮನೆ ಅಲ್ಲ. ಒಂದಿನಕ್ಕೆ ಇಸ್ಕೊಂಡಿದ್ದು. ನಮ್ಮನೆ ಅಲ್ಲಿ ಹಿಂದೆ ನಿಂತಿದೆ, ಬನ್ನಿ ತೋರಿಸ್ತೀನಿ."

ನಾಲ್ವರೂ ಹಲಸಿನ ಮರದಡಿಗೆ ಬಂದರು. ಮಂಜಯ್ಯನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ರಿಪೇರಿ ಗಾಡಿ ಅವನಿಗೆ ಹೊಸದೇನಲ್ಲ, ಅವನ ಮೆಷಿನನ್ನು ಎರಡು ಸಲ ಸರಿಮಾಡಿದ ಗಾಡಿ. ಆರು ವರ್ಷದಿಂದ ನಡೆದದ್ದನ್ನು ನವೀನ ನಿಧಾನವಾಗಿ ಹೇಳಿದ. ಲೈನು ಬಿಟ್ಟದ್ದು, ಜಗಲಿ, ಕೊಟ್ಟಿಗೆ, ಪಂಪ್‌ಸೆಟ್ ಮನೆ, ಯಾವುದನ್ನೂ ಮುಚ್ಚಿಡಲಿಲ್ಲ. ಕೇಳುತ್ತ ಕೇಳುತ್ತ ಮಂಜಯ್ಯನ ಮುಖ ಕೆಂಪಾಯಿತು. ಅವನಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೆಣ್ಣು ಹೆತ್ತವನನ್ನು ಕರೆದು ಬೇರೆಯವರ ಗೋಡೆ ಗುದ್ದಿಸಿದ್ದರು.

"ಸುಳ್ಳು ಮನೆ ತೋರ್ಸಿದ್ರಲ್ಲ, ನಿಮಗೆ ಹೇಗಾದ್ರೂ ಮನಸ್ಸು ಬಂತು?" ಎಂದ ಕರಿಯಕ್ಕನಿಗೆ.

"ನಾನೇ ಮಾಡಿದ್ದು. ಅವನು ಬೇಡ ಅಂದಿದ್ದ. ಬೈಯೋದಾದ್ರೆ ನನ್ನ ಬೈಯಿರಿ" ಎಂದು ಕರಿಯಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಾಳೆ ಊರಲ್ಲಿ ಕೇಳಿದ್ರೆ ಏನು ಹೇಳ್ಲಿ? ಮಗಳನ್ನ ಗಾಡಿಗೆ ಕೊಟ್ಟೆ ಅನ್ಲಾ? ಬಾಣಂತನ ಎಲ್ಲಿ ಮಾಡ್ತೀರಿ? ಮಕ್ಕಳು ಯಾವ ಶಾಲೆಗೆ ಹೋಗ್ತವೆ, ದಿನಕ್ಕೊಂದು ಊರಿಂದ?"

ನವೀನ ತಲೆ ತಗ್ಗಿಸಲಿಲ್ಲ. "ಅದಕ್ಕೆಲ್ಲ ನನ್ನ ಹತ್ರ ಈಗ ಪೂರ್ತಿ ಉತ್ತರ ಇಲ್ಲ ಮಂಜಣ್ಣ. ಪಂಚಾಯ್ತಿಗೆ ನಿವೇಶನದ ಅರ್ಜಿ ಕೊಟ್ಟಿದೀನಿ, ಯಾವಾಗ ಆಗುತ್ತೋ ಗೊತ್ತಿಲ್ಲ. ಮಕ್ಕಳಾದ್ರೆ ಶಾಲೆ ಇರೋ ಕಡೆ ಗಾಡಿ ನಿಲ್ಸಿ, ನಾನು ಬೈಕಲ್ಲಿ ಓಡಾಡ್ತೀನಿ ಅಂತ ಯೋಚನೆ ಮಾಡಿದೀನಿ. ಅದಕ್ಕಿಂತ ಹೆಚ್ಚು ಹೇಳಿದ್ರೆ ಅದೂ ಸುಳ್ಳಾಗುತ್ತೆ."

"ಗಾಳಿ ಮಾತು" ಎಂದ ಮಂಜಯ್ಯ. "ನಡಿಯೇ ವಸಂತ, ಬಸ್ಸಿಗೆ ಹೊತ್ತಾಯ್ತು."

ಆ ಮಾತು ಕೇಳಿ ಕರಿಯಕ್ಕ ಮರದ ಬೇರಿನ ಮೇಲೆ ಕುಸಿದು ಕೂತಳು. ತನ್ನ ಸುಳ್ಳೇ ಮಗನ ಬಾಳಿಗೆ ಕಲ್ಲು ಹಾಕಿತಲ್ಲ ಎಂದು ಅವಳಿಗೆ ಅಳು ಉಕ್ಕಿತು. ವಸಂತಮ್ಮ ಮಾತ್ರ ನಿಂತಲ್ಲಿಂದ ಕದಲಲಿಲ್ಲ. ಗಾಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತಿದ್ದಳು. ಹಿಂಬಾಗಿಲ ನಲ್ಲಿ ತಿರುಗಿಸಿದಳು, ಬಿಸಿನೀರು ಬಂತು. ತುಳಸಿ ಡಬ್ಬದ ಮಣ್ಣು ಮುಟ್ಟಿದಳು, ಒದ್ದೆಯಿತ್ತು. ಆಮೇಲೆ ನವೀನನ ಎದುರು ಬಂದು ನಿಂತಳು.

"ಇದ್ರಿಂದ ಏಳಿ ಅಂತ ನಿಮಗೆ ಹೇಳೋರು ಯಾರಾದ್ರೂ ಇದಾರಾ?"

ನವೀನನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. "ಗಾಡಿ ನಿಲ್ಸಿರೋ ಜಾಗದಿಂದ ಏಳಿ ಅನ್ನಬಹುದು" ಎಂದ. "ಗಾಡಿಯಿಂದ ಏಳಿ ಅನ್ನೋರು ಯಾರೂ ಇಲ್ಲ ವಸಂತಕ್ಕ. ಇದು ನಂದು."

ವಸಂತಮ್ಮ ಗಂಡನ ಕಡೆ ತಿರುಗಿದಳು. "ಕೇಳಿಸ್ತಾ?"

"ಏನು ಕೇಳಿಸೋದು?"

"ನಾವು ಈ ಮಾತು ಹೇಳೋಕಾಗುತ್ತಾ?"

ಮಂಜಯ್ಯ ಬೇಡ ಎಂಬಂತೆ ಕೈ ಅಲ್ಲಾಡಿಸಿದ. ಅವಳು ಬಿಡಲಿಲ್ಲ. ಕರಿಯಕ್ಕನ ಪಕ್ಕದಲ್ಲಿ, ಅದೇ ಬೇರಿನ ಮೇಲೆ ಕೂತಳು. "ಸಿರಿಮನೆಯಲ್ಲಿ ನೀವು ನೋಡಿದ್ರಲ್ಲ, ಆ ಮನೆ ನಮ್ಮದಲ್ಲ ಕರಿಯಕ್ಕ. ತೋಟದ ಯಜಮಾನರದ್ದು. ಇವರು ಮರ ಹತ್ತೋವರೆಗೆ ನಮಗೆ. ಈ ಭುಜ ಹೋಯ್ತಲ್ಲ, ಯುಗಾದಿ ಒಳಗೆ ಬಿಟ್ಕೊಡಿ ಅಂದಿದಾರೆ. ಅಷ್ಟರೊಳಗೆ ಮಗಳ ಮದುವೆ ಆ ಅಂಗಳದಲ್ಲೇ ಮುಗಿಸ್ಬೇಕು ಅಂತ ನಮ್ಮ ಅವಸರ. ನಾವೂ ನಿಮಗೆ ಬೇರೆಯವರ ಮನೆ ತೋರ್ಸಿದ್ವಿ."

ಮೂವತ್ತು ವರ್ಷ ಬಾಳಿದ ಮನೆ ಎಂದು ನಾಲ್ಕು ಸಲ ಹೇಳಿದ್ದ ಮಂಜಯ್ಯ ತನ್ನ ಕೆಟ್ಟ ಭುಜವನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಬೇರೆ ಕಡೆ ನೋಡುತ್ತ ನಿಂತ. ಅವನನ್ನು ಕಂಡು ನವೀನನಿಗೆ ಮರುಕವಾಯಿತು. ಕರಿಯಕ್ಕ ವಸಂತಮ್ಮನ ಕೈ ಹಿಡಿದುಕೊಂಡಳು. ಆ ಕೈಗೆ ಇನ್ನೂ ಬಿಡಾರದ ಒಲೆಯ ಬೂದಿ ಅಂಟಿತ್ತು.

ವಸಂತಮ್ಮ ಎದ್ದಳು. ಗಾಡಿಯ ಮೆಟ್ಟಿಲ ಹತ್ತಿರ ಹೋಗಿ, ಪಕ್ಕದ ಹಲಗೆಯ ಮೇಲೆ ತಾಯಿ ಮಗ ಬೆಳಿಗ್ಗೆಯೇ ಬಿಟ್ಟಿದ್ದ ಎರಡು ಜೊತೆ ಚಪ್ಪಲಿ ನೋಡಿದಳು. ತನ್ನ ಚಪ್ಪಲಿ ಕಳಚಿ ಅವುಗಳ ಸಾಲಿನಲ್ಲಿ ಇಟ್ಟು, ಬಲಗಾಲು ಎತ್ತಿ ಒಳಗೆ ಹತ್ತಿದಳು. ಇಷ್ಟು ವರ್ಷಗಳಲ್ಲಿ ಚಪ್ಪಲಿ ಬಿಟ್ಟು ಆ ಗಾಡಿ ಹತ್ತಿದವರು ಬೇರೆ ಯಾರೂ ಇರಲಿಲ್ಲ. ಕರಿಯಕ್ಕ ಕೂತಲ್ಲಿಂದಲೇ ಅದನ್ನು ನೋಡಿದಳು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂದೇ ಬಂತು.

ಒಳಗೆ ವಸಂತಮ್ಮ ಒಂದೊಂದನ್ನೇ ಮುಟ್ಟಿ ನೋಡಿದಳು. ಹಲಗೆ ಮಡಚಿ ಬಿಡಿಸಿದಳು, ಅಕ್ಕಿ ಡಬ್ಬದ ಮುಚ್ಚಳ ತೆಗೆದಳು, ಗ್ಯಾಸಿನ ಒಲೆಯ ಮೇಲೆ ಅಂಗೈ ಆಡಿಸಿದಳು. ಕಿಟಕಿಯ ಪರದೆ ಹಿಡಿದವಳು ಥಟ್ಟನೆ ನಿಂತಳು. ಹಳದಿ ಬಟ್ಟೆ, ಮೇಲೆ ಸಣ್ಣ ಹಸಿರು ಹೂವು. ಕಳೆದ ದೀಪಾವಳಿಗೆ ಅನಿತಾ ಅದೇ ಬಟ್ಟೆಯಲ್ಲಿ ಅಮ್ಮನಿಗೆ ದಿಂಬಿನ ಚೀಲ ಹೊಲಿದುಕೊಟ್ಟಿದ್ದಳು. ಉಳಿದದ್ದು ಎಲ್ಲಿ ಹೋಯಿತೇ ಎಂದು ಕೇಳಿದರೆ ಅಂಗಡಿಯಲ್ಲಿದೆ ಅಂದಿದ್ದಳು.

"ಅವಳಿಗೆ ಗೊತ್ತಾ?" ಎಂದು ವಸಂತಮ್ಮ ಒಳಗಿನಿಂದಲೇ ಕೇಳಿದಳು.

"ಮೊದಲ ತಿಂಗಳೇ ಹೇಳಿದ್ದೆ" ಎಂದ ನವೀನ. "ಅಪ್ಪ ಅಮ್ಮನಿಗೆ ನೀನೇ ಹೇಳ್ಬೇಕು, ನಾನು ಹೇಳಲ್ಲ ಅಂದಿದ್ಲು."

"ಕಳ್ಳಿ" ಎಂದಳು ವಸಂತಮ್ಮ. ಸಿಟ್ಟು ಬಂದಂತೇನೂ ಇರಲಿಲ್ಲ. ಪರದೆಯ ಅಂಚನ್ನು ಮಗುಚಿ ಹೊಲಿಗೆ ನೋಡಿದಳು, ಮಗಳ ಹೊಲಿಗೆ ನೇರವಾಗಿತ್ತು. ಪರದೆ ಸರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಕರಿಯಕ್ಕ, ಕಡುಬು ಆರೋಗುತ್ತೆ. ಇಲ್ಲಿಗೇ ತನ್ನಿ. ಊಟ ಇಲ್ಲೇ ಮಾಡೋಣ."

ಮ‌ನೆ ನೋಡಲು ಬಂದವರು ಊಟಕ್ಕೆ ಕೂತರೆ ಏನರ್ಥ ಎಂಬುದು ಮಂಜಯ್ಯನಿಗೂ ಗೊತ್ತಿತ್ತು. ಅವನು ಇನ್ನಷ್ಟು ಹೊತ್ತು ಹೊರಗೇ ನಿಂತ. ಗಾಡಿಯ ಚಕ್ರ ಒದ್ದು ನೋಡಿದ. ಮಾಡಿನ ಮೇಲಿನ ಡ್ರಮ್ಮಿಗೆ ಎಷ್ಟು ಕೊಡ ನೀರು ಹಿಡಿಯುತ್ತದೆ, ಮಳೆಗೆ ಸೋರುತ್ತದಾ, ಗಾಳಿಗೆ ಅಲುಗಾಡುತ್ತದಾ ಎಂದು ಒಂದೊಂದೇ ಕೇಳಿದ. ನವೀನ ಎಲ್ಲದಕ್ಕೂ ಸಮಾಧಾನದಿಂದ ಉತ್ತರ ಕೊಟ್ಟ. ಯುಗಾದಿ ಆದ ಮೇಲೆ ಅವರ ಸಾಮಾನು ಇಡಲು ಗಿರಣಿಯ ಮಾಡಿನಡಿ ಜಾಗ ಇದೆ, ಇನ್ನೊಂದು ಗುಜರಿ ವ್ಯಾನು ಸಿಕ್ಕರೆ ಇಬ್ಬರೂ ಸೇರಿ ಕಟ್ಟಬಹುದು ಎಂದೂ ಹೇಳಿದ. ಮಂಜಯ್ಯ ಅದಕ್ಕೆ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಚಪ್ಪಲಿ ಬಿಟ್ಟು, ಒಳ್ಳೆಯ ಕೈಯಲ್ಲಿ ಬಾಗಿಲು ಹಿಡಿದು ಒಳಗೆ ಹತ್ತಿದ.

ಎರಡನೇ ಸಲ ಕಡುಬು ಬಡಿಸುವ ಹೊತ್ತಿಗೆ ಉಮಾಮಹೇಶ್ವರ ಬಂದ. ಸಮಯಕ್ಕೆ ಸರಿಯಾಗಿ ಹೋಗಿ ತಾನೂ ನಾಲ್ಕು ಒಳ್ಳೆಯ ಮಾತು ಸೇರಿಸಿದರೆ ಸಂಬಂಧ ಗಟ್ಟಿಯಾದೀತು ಎಂದು ಅವನ ಎಣಿಕೆ. ಬಿಡಾರದಲ್ಲಿ ಯಾರೂ ಇಲ್ಲ. ಮಾವಿನೆಲೆ ಇದೆ, ರಂಗೋಲಿ ಇದೆ, ಗೋಡೆಯ ಮೊಳೆಯಲ್ಲಿದ್ದ ಫೋಟೊ ಇಲ್ಲ. ನಗು ಕೇಳಿಸಿತೆಂದು ಹಿಂದಕ್ಕೆ ಬಂದು ನೋಡಿದರೆ ಎಲ್ಲರೂ ಗಾಡಿಯೊಳಗೆ ತಟ್ಟೆ ಹಿಡಿದು ಕೂತಿದ್ದರು. ಕರಿಯಕ್ಕನ ಗಂಡನ ಫೋಟೊ ಪ್ಲಗ್ಗಿನ ಖಾನೆಗಳ ಮೇಲೆ ತನ್ನ ಜಾಗ ಸೇರಿತ್ತು.

ಉಮಾಮಹೇಶ್ವರ ಗಲಿಬಿಲಿಗೊಂಡ. ಆದರೂ ಕಲಿತು ಬಂದ ಮಾತನ್ನು ಬಿಡಲಿಲ್ಲ. "ಏನು, ನಮ್ಮ ನವೀನನ ಮನೆ ನೋಡಿ ಆಯ್ತಾ? ಹೇಗಿದೆ?" ಎಂದು ಬಿಡಾರದ ಕಡೆ ಕೈ ತೋರಿಸಿದ.

ಕರಿಯಕ್ಕ ಕೈ ತೊಳೆದು ಬಾಗಿಲಿಗೆ ಬಂದಳು. ಸೊಂಟದಿಂದ ಕೀಲಿಕೈ ತೆಗೆದು ಅವನ ಅಂಗೈಯಲ್ಲಿಟ್ಟಳು. ನಿಮ್ಮಿಂದ ಉಪಕಾರವಾಯಿತು, ಅಂಗಳ ಸಾರಿಸಿದ್ದೇನೆ, ಒಲೆ ಮಾತ್ರ ರಿಪೇರಿ ಮಾಡಿಸಿ ಎಂದಳು. ಅವನು ಇನ್ನೂ ಅರ್ಥವಾಗದೆ, ಒಳಗೆ ಕೂತವರನ್ನು ಮಾತಾಡಿಸಲೆಂದು ಎಂದಿನ ಹಾಗೆ ಗಮ್‌ಬೂಟಿನ ಕಾಲನ್ನು ಮೆಟ್ಟಿಲ ಮೇಲಿಟ್ಟ.

"ಮನೆ ಇದು ಅಯ್ಯ" ಎಂದಳು ಕರಿಯಕ್ಕ. ದನಿ ಸಣ್ಣದಿತ್ತು, ಮಾತು ತಡವರಿಸಲಿಲ್ಲ. "ಬೂಟು ಅಲ್ಲಿ ಹಲಗೆ ಹತ್ರ ಬಿಟ್ಟು ಬನ್ನಿ. ಬೆಲ್ಲದ ಕಾಫಿ ಕೊಡ್ತೀನಿ."

ಉಮಾಮಹೇಶ್ವರ ಅವಳ ಮುಖ ನೋಡಿದ. ಹಲಗೆಯ ಮೇಲೆ ಸಾಲಾಗಿದ್ದ ನಾಲ್ಕು ಜೊತೆ ಚಪ್ಪಲಿ ನೋಡಿದ. ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದ. ಗಮ್‌ಬೂಟು ಬಿಗಿಯಾಗಿತ್ತು. ಬಾಗಿಲಿಗೆ ಕೈಯಾನಿಸಿ, ಬಗ್ಗಿ, ಒಂದೊಂದಾಗಿ ಎಳೆದು ತೆಗೆದು, ಉಳಿದ ಚಪ್ಪಲಿಗಳ ಪಕ್ಕದಲ್ಲಿ ಇಟ್ಟ.